ಕೈ ಮುಟ್ಟಿದ್ದು

ಕರ್ಜಗಿ
೮-೪-೧೯೯೦, ರವಿವಾರ

ಪ್ರೀತಿಯ ಮುಮ್ತಾಜಗ,

ನಿನ್ನ ಮಂಗಳಾನ ಸಲಾಮೂ ಐತಿ, ನಮಸ್ಕಾರನೂ ಐತಿ, ಯಾವುದು ಬೇಕೋ ಅದನ್ನ ತಗೋ. ಇಲ್ಲಿ ಎಲ್ಲಾರೂ ಆರಾಮ ಅಂತ ಬರದು ಮುಂದ ಹೋಗೋದು ರೂಢಿ. ಈ ಸಲ ಹಂಗ ಬರಿಯಾಕ ನನಗ ಮನಸ ಬರವಲ್ದು. ನಿನಗ ಎರಡನೇದು ಹೆಣ್ಣು ಹುಟ್ಟಿದ ಸುದ್ದಿ ಹೋಳಿ ಹುಣ್ಣಿವಿ ಮುಂದ ಬಂತು, ನಾ ಈಗ ಬರಿಯಾಕ ಕುಂತೇನಿ. ಇಷ್ಟ ದಿನ ಯಾಕ ಅಂತ ಸಿಟ್ಟಿಗೇಳಬ್ಯಾಡ. ಅಕ್ಷರ ನೋಡಿದೀಯಲ್ಲ, ಕೋಳಿ ಕೆದರಿದಂಗ ಅದಾವ. ಎಡಗೈಲೆ ಬರಿಯಾಕತ್ತೇನಿ. ಬಲಗೈ ಮಣಿಕಟ್ಟು ಮುರದಿತ್ತು. ಮೊನ್ನೆ ಪ್ಲಾಸ್ಟರ್ ಬಿಚ್ಯಾರ, ಆದ್ರ ಪೆನ್ನು ಹಿಡಿಯಾಕ ಇನ್ನೂ ಬರವಲ್ದು.

ನೀ ಹೆಂಗದಿ? ಮಿರಜಿನ್ಯಾಗ ನಮ್ಮಂಥಾ ಬಿಸಲ ಇರಲಿಕ್ಕಿಲ್ಲ. ಬಾಣಂತಿ ಅದಿ, ರೋಜಾ ಹಿಡೀತೇನಿ ಅಂತ ಹಟ ಮಾಡಬ್ಯಾಡ, ಮುಂದ ಹಿಡಿದೀಯಂತ. ನಿನ್ನ ಹಟ ನನಗ ಗೊತ್ತಿಲ್ಲೇನು, ಕಾಲೇಜಿನ್ಯಾಗ ಜ್ವರ ಬಂದಾಗೂ ಪರೀಕ್ಷೆಕ್ಕ ಬಂದಾಕಿ ನೀ.

ಈಗ ಒಂದು ಮಾತು ಹೇಳತೇನಿ. ಮಗ್ಗಲಕ ಯಾರನ್ನರ ಕುಂದರಿಸಿಕೊಂಡು ಓದು. ನಿಮ್ಮವ್ವ ಜೈತೂನಬಿ ಕಾಕು ನಿನಗ, ಅಬ್ಬಾ ಏಣಿ ಮ್ಯಾಲಿಂದ ಬಿದ್ದು ಕೈಗೆ ಪೆಟ್ಟು ಮಾಡಿಕೊಂಡಾರ ಅಂತ ಬರಸ್ಯಾಳಂತ. ನೀ ಹಸಿ ಬಾಣಂತಿ ಅಂತ ಮುಚ್ಚಿಟ್ಟಾಳ, ಅಕಿದೇನು ತಪ್ಪಿಲ್ಲ. ಆದ್ರ ಅದು ಸುಳ್ಳು. ನಿಮ್ಮಪ್ಪ ಯಾವ ಏಣಿನೂ ಹತ್ತಿದ್ದಿಲ್ಲ. ನಮ್ಮಣ್ಣ ಹೇಮಪ್ಪ ನಮ್ಮ ಅಂಗಡಿ ತೂಕದ ಕಲ್ಲು ತಗೊಂಡು ಫಕ್ಕೀರಸಾಬ ಕಾಕಾನ ಬಲಗೈ ಜಜ್ಜಿದ. ನಾ ಅಲ್ಲೇ ನಿಂತಿದ್ದೆ.

ನಿನ್ನೆ ನಾ ರಾಣಿಬೆನ್ನೂರ ಪೊಲೀಸ್ ಠಾಣೆಕ್ಕ ಹೋಗಿ ಇದನ್ನೆಲ್ಲಾ ಹೇಳಿ ಬಂದೇನಿ. ಈಗ ಕಾಕಾನೂ ಹೌದು ಅನ್ನಬೇಕು. ಅವರು ಏಣಿ ಏಣಿ ಅಂತ ಕುಂತ್ರ ನಾ ಹೇಳಿದ್ದು ಗಾಳಿಗೆ ಹೋಗತೈತಿ, ಅಣ್ಣ ಬಂದು ನನ್ನ ಬ್ಯಾಡಗಿಗೆ ಎಳಕೊಂಡು ಹೋಗಿ ಬಸವಜಯಂತಿಗೆ ಮದವಿ ಮಾಡಿ ಕೈ ತೊಳಕೋತಾನ. ಕಾಕಾ ನಿನ್ನ ಮಾತು ಒಬ್ಬಾಕಿದ ಕೇಳತಾರ. ಅದಕ್ಕ ಬರದೇನಿ.

ಮೊದಲಿಂದ ಹೇಳತೇನಿ. ನಿನಗ ಗೊತ್ತಿದ್ದದ್ದೂ ಬಂದ್ರ ಬ್ಯಾಸರ ಮಾಡಕೋಬ್ಯಾಡ, ಫೌಜದಾರನ ಮುಂದ ಒಂದೊಂದ ಬಿಡಿಸಿ ಹೇಳಿ ಹೇಳಿ ಅದ ರೂಢಿ ಆಗಿಬಿಟ್ಟೈತಿ.

ಕಾಲೇಜ ಬಿಟ್ಟ ಮ್ಯಾಲೆ ಸಂಜಿಕ ಬ್ಯಾಡಗಿ ಬಸ್ಸು ಬರೂತನಕ ನಾ ರಾಣಿಬೆನ್ನೂರಾಗ ನಿಮ್ಮಪ್ಪನ ಗಡಿಯಾರ ರಿಪೇರಿ ಅಂಗಡ್ಯಾಗ ಕುಂದರತಿದ್ದೆ, ನೆನಪೈತಿಲ್ಲ. ನಮ್ಮ ಕಣ್ಣ ಮುಂದನ ಕಾಕಾ ಗಡಿಯಾರ ಬದಿಗಿಟ್ಟು ನಾಣ್ಯದ ಸೆಟ್ಟಿಗೆ ಕೈ ಹಾಕಿದ್ರು. ಮುಂಬೈ ಟಂಕಸಾಲಿಯವರು ಏಶಿಯಾಡ ಆಟದ ನೆನಪಿಂದು, ಮಕ್ಕಳ ವರ್ಷದ್ದು ಅಂತ ಸ್ವಲ್ಪ ಸ್ವಲ್ಪ ಸೆಟ್ಟು ಮಾಡಿ, ಮುಂಗಡ ಬರಸಿದವರಿಗೆ ಅಷ್ಟ ಕಳಸತಿದ್ರು. ಮಖಮಲ್ ಡಬ್ಬಿ, ಒಳಗ ಕನ್ನಡಿಯಂಥಾ ನಾಣ್ಯ. ಕಾಕಾ ಮಂದಿ ಕಡಿಂದ ಅವನ್ನ ಕೊಂಡು, ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು ನೋಡಿ, ಇದು ಇಂಥಾ ದರ್ಜಾದ್ದು ಅಂತ ಚೀಟಿ ಹಚ್ಚಿ ಹುಬ್ಬಳ್ಳಿ ಸೇಟಜಿಗೆ ಮಾರತಿದ್ರು. ಒಂದು ಬೆರಳು ತಾಗಿದ್ರ ಮುಗೀತು, ಆ ಗೆರಿ ನಾಣ್ಯದ ಮ್ಯಾಲಿಂದ ಜನ್ಮದಾಗ ಹೋಗಂಗಿಲ್ಲ ಅಂತಿದ್ರು. ನಾವಿಬ್ಬರೂ ಹತ್ತರ ಹೋದ್ರ ಕೈ ಹಿಂದ ಕಟ್ಟಿಕೊಂಡು ನೋಡ್ರಿ ಅಂತ ಬೈತಿದ್ರು.

ಹುಬ್ಬಳ್ಳಿಗೆ ಮಾತಾಡಬೇಕಂದ್ರ ಡಾಕಪ್ಪನ ಫೋನ್ ಬೂತಿಗೆ ಹೋಗಬೇಕು. ಅಲ್ಲಿ ಸಾಲ ಹಚ್ಚಿ ನಿಂತ ಮಂದಿಗೆಲ್ಲಾ ಕಿವಿ. ಮನ್ಯಾಗ ಬೆಳ್ಳಿ ನಾಣ್ಯ ಅದಾವ ಅಂತ ಊರಿಗೆ ಗೊತ್ತಾದ್ರ ಕಳ್ಳರಿಗೆ ಕರದಂಗ ಆಗತೈತಿ ಅಂತ ಕಾಕಾ ಸೇಟಜಿ ಕೂಡ ಕನ್ಯಾ ನೋಡೋ ಭಾಷಾ ಮಾಡಿಕೊಂಡಿದ್ರು. ಟಂಕಸಾಲಿಯಿಂದ ಬಂದಂಗ ಇದ್ರ ‘ಕನ್ಯಾ’. ಬೆರಳಿನ ಗುರ್ತು ಇದ್ರ ‘ಕೈ ಮುಟ್ಟೇತಿ’. ಹುಣಸಿಹಣ್ಣು ಹಚ್ಚಿ ತಿಕ್ಕಿದ್ರ ‘ಮಾರಿ ತೊಳದು ತಂದಾರ’. ಕೊಳ್ಳಾವ ‘ವರ’. ನಾವು ಅಂಗಡಿ ಮೂಲ್ಯಾಗ ಕುಂತು ಆ ಮಾತಿಗೆ ಬಾಯಿಗೆ ಸೆರಗ ಹಚ್ಚಿ ನಗತಿದ್ವಿ. ನೀನ ಒಮ್ಮೆ, ನಮ್ಮಬ್ಬಾನ್ನ ಮದವಿ ದಲಾಲ ಅಂದ್ರ ಅಡ್ಡಿಲ್ಲ ಅಂದಿದ್ದಿ.

ನಮ್ಮಪ್ಪನ ಹಂತೇಕ ಏಶಿಯಾಡ ಸೆಟ್ಟು ಒಂದಿತ್ತು. ಮೆಣಸಿನಕಾಯಿ ದಲಾಲಿ ಅಂಗಡಿ ಮಾಲತೇಶಪ್ಪ ಅಂದ್ರ ಬ್ಯಾಡಗ್ಯಾಗ ಅದನ್ನ ಬಂದವರಿಗೆಲ್ಲಾ ತೋರಸಾವ. ಅದನ್ನ ಕೊಟ್ಟು ಬ್ಯಾರೆ ಸೆಟ್ಟು ತಗೋಬೇಕು ಅಂತ ಮನಸಾಗಿ ಕಾಕಾನ ಕಡೆ ಬಿಟ್ಟು ಬಂದ. ಅಪ್ಪಗ ಗೊತ್ತಿದ್ದಿಲ್ಲ, ದೀಪಾವಳ್ಯಾಗ ಅಂಗಡಿ ಲಕ್ಷ್ಮೀಪೂಜಾಕ್ಕ ಅಂತ ನಮ್ಮವ್ವ ಸುಶೀಲವ್ವ ಆ ಡಬ್ಬಿ ಬಿಚ್ಚಿ, ನಾಣ್ಯಕ್ಕ ಹುಣಸಿಹಣ್ಣು ಹಚ್ಚಿ ತಿಕ್ಕಿ, ಕುಂಕುಮ ಏರಿಸಿ, ಮತ್ತ ವರಿಸಿ ಒಳಗ ಇಟ್ಟಿದ್ಲು. ದೇವರಿಗೆ ಮಾಸಿದ್ದು ಇಡಾಕ ಬರತೈತೇನು ಅಂತ ಅಕಿ ಲೆಕ್ಕ.

ಕಾಕಾ ಡಾಕಪ್ಪನ ಬೂತಿನಿಂದ ಹುಬ್ಬಳ್ಳಿಗೆ ಫೋನ್ ಹಚ್ಚಿ, ಇದ್ದದ್ದು ಇದ್ದಂಗ ಹೇಳ್ಯಾರ. ‘ಬ್ಯಾಡಗಿ ಮಾಲತೇಶಪ್ಪನ ಮನಿ ಕನ್ಯಾ ನೋಡಿದೆ ಸೇಟಜಿ. ದೂರಿಂದ ಚಂದ ಕಾಣತೈತಿ. ಹತ್ತರ ಹಿಡಿದು ನೋಡಿದ್ರ ಕೈ ಮುಟ್ಟೇತಿ. ಒಂದ ಕಡೆ ಅಲ್ಲ. ಮಾರಿ ತೊಳದು ತಂದಾರ. ನಿಮ್ಮ ವರನಿಗೆ ಬ್ಯಾಡ ಅಂತ ಹೇಳಿಬಿಡ್ರಿ.’

ಹಿಂದ ನಿಂತಾವ ಯಾರು ಗೊತ್ತೇನು? ಹಾವೇರಿ ಕೊಟ್ರಪ್ಪ. ನನಗ ಗೊತ್ತ ಮಾಡಿದ್ದ ವರ ನಾಗಪ್ಪನ ಸ್ವಾದರಮಾವ. ಹತ್ತಿ ಬೀಜ ಒಯ್ಯಾಕ ರಾಣಿಬೆನ್ನೂರಿಗೆ ಬಂದಿದ್ದ. ಹಿಂದಿನ ವಾರನ ಅವರು ನಮ್ಮ ಮನಿಗೆ ಬಂದು ಸೀರಿ ಉಡಿಸಿ ಉಡಿ ತುಂಬಿ ಹೋಗಿದ್ರು.

ಅವತ್ತ ಮಧ್ಯಾಹ್ನ ನಾ ಪಡಸಾಲ್ಯಾಗ ಕುಂತು ಮೆಣಸಿನಕಾಯಿ ತೊಟ್ಟು ಮುರಿಯಾಕತ್ತಿದ್ದೆ. ಅಣ್ಣ ಅಂಗಡಿಯಿಂದ ಬಂದ. ಹಿಂದ ಅಪ್ಪ, ಅಪ್ಪನ ಹಿಂದ ಕೊಟ್ರಪ್ಪ. ಅಣ್ಣ ಚಪ್ಪಲಿ ಸೈತ ಬಿಟ್ಟಿದ್ದಿಲ್ಲ. ‘ರಾಣಿಬೆನ್ನೂರಾಗ ಯಾರ ಕೂಡ ಇದ್ದಿ? ನಿನಗ ಕೈ ಮುಟ್ಟೇತಿ ಅಂತ ಆ ಸಾಬ ಹುಬ್ಬಳ್ಳಿ ತನಕಾ ಹೇಳ್ಯಾನ’ ಅಂದ. ಯಾವ ಸಾಬ ಅಂದೆ. ಗಡಿಯಾರದಾವ ಅಂದ. ಬೂತಿನ ಮಾತು ಕೊಟ್ರಪ್ಪ ಮತ್ತೊಮ್ಮೆ ಹೇಳಿದ, ಮಾರಿ ತೊಳದು ತಂದಾರ ಅನ್ನೂತನಕಾ.

ಮುಮ್ತಾಜ, ನನಗ ನಗಿ ಬಂತು. ತಡಕೊಳ್ಳಾಕ ಆಗಲಿಲ್ಲ, ನೀ ಇದ್ರ ನೀನೂ ನಗತಿದ್ದಿ. ಅಯ್ಯೋ ಅದು ಅಪ್ಪನ ಸೆಟ್ಟಿನ ಸುದ್ದಿ ಅಂತ ಹೇಳಬೇಕು ಅಂತ ಬಾಯಿ ತಗದೆ, ಬಾಯಾಗಿಂದ ನಗಿನ ಮೊದಲ ಹೊರಗ ಬಂತು. ಅಣ್ಣ ನನ್ನ ಜಡಿ ಹಿಡದು ಎಬ್ಬಿಸಿದ. ಗ್ವಾಡಿಗೆ ಹಣಿ ಬಡಿಸಿದ. ನಾ ಬಾಗಲಾ ಹಿಡಕೊಂಡೆ, ಅವ ಆ ಬಾಗಲಾನ ಒದ್ದ. ಕೈ ಸಂದಿನ್ಯಾಗ ಇತ್ತು. ಎಲುಬು ಮುರದ ಸಪ್ಪಳ ನನಗ ಕೇಳಿಸ್ತು, ಬಳಿ ಒಡದು ಚೂರು ಒಳಗ ನೆಟ್ಟವು. ಕೈ ತುಂಬ ಮೆಣಸಿನಕಾಯಿ ಖಾರ ಇತ್ತಲ್ಲ, ರಗತದ ಕೂಡ ಅದೂ ಇಳೀತು. ಅವ್ವ ಅಡಗಿ ಮನಿಯಿಂದ ಓಡಿ ಬಂದ್ಲು. ಬಂದಾಕಿ ಅಂದಿದ್ದು ಒಂದ ಮಾತು: ‘ಹೇಮೂ, ಮಾರಿಗೆ ಹೊಡೀಬ್ಯಾಡೋ.’

ನಾ ಚೀರಿ ಚೀರಿ ಹೇಳಿದೆ, ಅದು ನಾಣ್ಯದ ಮಾತು, ಕಾಕಾ ನಾಣ್ಯಕ್ಕ ಹಂಗ ಅಂತಾರ ಅಂತ. ಯಾರಿಗೂ ತಲಿಗೆ ಹೋಗಲಿಲ್ಲ. ನಾಣ್ಯಕ್ಕ ಯಾರು ಕನ್ಯಾ ಅಂತಾರ ಅಂತ ಕೊಟ್ರಪ್ಪ ಕೇಳಿದ. ಅಣ್ಣ ಅಂಗಡಿ ಜೀಪು ತಂದ. ಅವನ ಮಾರಿ ಮುಂದ ನಿನ್ನ ನಿಂದ್ರಿಸಿ ಕೇಳತೇನಿ ಅಂತ ನನ್ನ ಹಿಂದ ನೂಕಿದ. ಸೀಟಿನ ಮ್ಯಾಲೆ ತೂಕದ ಕಲ್ಲಿತ್ತು. ಅದನ್ನ ನೋಡಿ ನನಗ ಕೈ ನೋವು ಮರತ ಹೋತು. ಮೋಟೆಬೆನ್ನೂರ ದಾಟಿ ಹೈವೇ ಹಿಡಿಯೂತನಕಾ ನಾ ಹೇಳಕೋತ ಬಂದೆ, ಅಣ್ಣ ಟೇಪಿನ ಸಪ್ಪಳ ಏರಿಸಿದ. ಅಪ್ಪ ಮುಂದಿನ ಸೀಟಿನ್ಯಾಗ ಕುಂತು ರಸ್ತಾ ನೋಡಕೋತ ಬಂದ, ಹಿಂದ ಹೊಳ್ಳಿ ಒಮ್ಮೆನೂ ನೋಡಲಿಲ್ಲ.

ಕಾಕಾ ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡು ಕುಂತಿದ್ರು. ನನ್ನ ಕೈ ನೋಡಿ ಎದ್ದು ನಿಂತ್ರು. ‘ಏನಾತವಾ ಮಂಗಳಾ, ಯಾರ ಗಾಡಿಗೆ ಸಿಕ್ಕಿ’ ಅಂತ ನನ್ನ ಕಡೆ ಬರಾಕತ್ರು. ಅಣ್ಣ ಅಡ್ಡ ನಿಂತ. ‘ನಮ್ಮ ಮನಿ ಕನ್ಯಾಕ್ಕ ಕೈ ಮುಟ್ಟೇತಿ ಅಂತ ಹೇಳೀಯೇನು?’

ಕಾಕಾ ಏನು ತಿಳಕೊಂಡ್ರು ಹೇಳು. ಮಾಲಿನ ದರ್ಜಾ ಇಳಿಸಿದ್ದಕ್ಕ ಜಗಳಕ್ಕ ಬಂದಾರ ಅಂತ ತಿಳಕೊಂಡ್ರು. ಅಂಥಾ ಗಿರಾಕಿ ದಿನಾ ನೋಡತಾರಲ್ಲ ಅವರು. ‘ಹೌದ್ರಿ, ಹೇಳೇನಿ. ಮುಟ್ಟೇತಿ. ನಿಮಗ ಕೆಟ್ಟ ಅನ್ನಸಬಹುದು, ನಾ ಸುಳ್ಳ ಹೇಳಂಗಿಲ್ಲ. ಬೇಕಾದ್ರ ಈಗ ಬೆಳಕಿಗೆ ಹಿಡದು ತೋರಸತೇನಿ ಬರ್ರಿ’ ಅಂದ್ರು.

ತೋರಸತೇನಿ ಅಂದಿದ್ದ ಕೇಳಿ ಅಣ್ಣ ಪೂರಾ ಹುಚ್ಚನಾದ. ಕಾಕಾನ ಬಲಗೈ ಹಿಡದು ಟೇಬಲ್ ಗಾಜಿನ ಮ್ಯಾಲೆ ಒತ್ತಿದ. ಕಲ್ಲು ಎತ್ತಿ ಹಾಕಿದ. ಗಾಜು ಒಡೀತು, ಗಡಿಯಾರದ ಚಕ್ರ, ತಿರುಪು, ನಾಣ್ಯ ಎಲ್ಲಾ ನೆಲದ ತುಂಬ ಹರದವು. ಕಾಕಾ ಮೊದಲ ಪೆಟ್ಟಿಗೆ ಚೀರಲೇ ಇಲ್ಲ, ‘ಏ ತಮ್ಮಾ, ಏ ತಮ್ಮಾ’ ಅಂತಿದ್ರು, ಏನೋ ತಪ್ಪಿ ಆಗಿರಬೇಕು ಅನ್ನೋರಂಗ. ಎರಡನೇ ಪೆಟ್ಟಿಗೆ ಚೀರಿದ್ರು. ಬೆರಳು ಹಿಂದ ಮುಂದ ಆಗಿದ್ದವು. ಅಣ್ಣ ಮತ್ತ ಎತ್ತಿದ. ಅಪ್ಪ ಅಂಗಡಿ ಬಾಗಲಾ ಮುಂದ ಮಾಡಿ ನಿಂತಿದ್ದ, ಹೊರಗಿನ ಮಂದಿ ನೋಡಬಾರದು ಅಂತ.

ನಾ ಅಣ್ಣನ ಬೆನ್ನ ಮ್ಯಾಲೆ ಬಿದ್ದೆ. ಒಂದ ಕೈ ಕೆಲಸಕ್ಕ ಬರವಲ್ದು, ಅವನ ಕಿವಿ ಬಾಯಾಗ ಹಿಡದು ಕಚ್ಚಿದೆ. ಬಿಡಲಿಲ್ಲ. ರಗತ ಬಾಯಾಗ ಬಂದು ಉಪ್ಪುಪ್ಪಾತು, ಆದ್ರೂ ಬಿಡಲಿಲ್ಲ. ಆಗ ಅವ ಕಲ್ಲು ಕೈ ಬಿಟ್ಟ. ಆ ಕಿವಿ ತುದಿ ಇನ್ನೂ ಕೂಡಿಲ್ಲ, ಕೂಡೋದೂ ಬ್ಯಾಡ. ಹಂಗ ಅಂತ ಮೊನ್ನೆ ಇಲ್ಲಿ ಕರ್ಜಗಿ ಅತ್ತಿ ಮುಂದ ಅಂದೆ, ಒಡಹುಟ್ಟಿದಾವಗ ಹಂಗ ಅಂತಾರೇನ ಅಂತ ಬೈದ್ಲು. ಬೈಲಿ.

ಆಮ್ಯಾಲೆ ಕಾಕಾ ನೆಲದ ಮ್ಯಾಲೆ ಕುಂತು, ಜಜ್ಜಿದ ಕೈ ಮಡಿಲಾಗ ಇಟ್ಟುಕೊಂಡು, ಎಡಗೈಲೆ ಟೇಬಲ್ ಖಾನಿ ಎಳದು ಅಪ್ಪನ ಮಖಮಲ್ ಡಬ್ಬಿ ತಗದ್ರು. ‘ಇದಕ್ಕರಿ ಮಾಲತೇಶಪ್ಪಾರ. ಇದಕ್ಕ ಅಂದಿದ್ದು’ ಅಂದ್ರು. ಡಬ್ಬಿ ಮ್ಯಾಲೆ ಅವರ ಚೀಟಿ ಇತ್ತು, ‘ಕೈ ಮುಟ್ಟಿದ್ದು’ ಅಂತ. ಅಪ್ಪ ಡಬ್ಬಿ ತಗೊಂಡು ತೆರದು ನೋಡಿದ. ನಾಣ್ಯ ಎಣ್ಣಿ ಹಚ್ಚಿದ ಮಾರಿಯಂಗ ಮಸಕಾಗಿತ್ತು, ಅಂಚಿನ್ಯಾಗ ಕುಂಕುಮ ಇನ್ನೂ ಇತ್ತು. ‘ಇದಕ್ಕ ಯಾರು ಕೈ ಹಚ್ಯಾರ’ ಅಂತ ಕೇಳಿದ. ಕಾಕಾನ ಕೈಯಿಂದ ರಗತ ಸೋರಾಕತ್ತೈತಿ, ನನ್ನ ಕೈ ಬಾತು ಕುಂಬಳಕಾಯಿ ಆಗೇತಿ, ಅಪ್ಪ ಕೇಳಿದ್ದು ಅದನ್ನ.

ಅಣ್ಣ ಜೀಪಿನ್ಯಾಗ ಹೋಗಿ ಕುಂತು ಅತ್ತ. ಖರೇನ ಅತ್ತ, ನಾಟಕಲ್ಲ. ಅತ್ತು ಮುಗದ ಮ್ಯಾಲೆ ಅಂದಿದ್ದು, ‘ನೀ ಯಾಕ ನಕ್ಕಿ? ನಗದಿದ್ರ ನಾ ಕೇಳತಿದ್ದೆ.’

ಮರುವಾರ ಎರಡೂ ಕಡೆ ಹಿರೇರು ಕುಂತ್ರು. ಸಾಬರಾವಗ ಬ್ಯಾಡಗಿ ಮಂದಿ ಹೊಡದಾರ ಅಂತ ಸುದ್ದಿ ಎದ್ರ ಊರಾಗ ಬ್ಯಾರೆ ಬೆಂಕಿ ಹತ್ತತೈತಿ ಅಂತ ಎಲ್ಲಾರಿಗೂ ಅಂಜಿಕಿ. ಅದೇನೂ ಸುಳ್ಳ ಅಂಜಿಕಿ ಅಲ್ಲ. ಫಕ್ಕೀರಸಾಬ ಏಣಿ ಮ್ಯಾಲಿಂದ ಬಿದ್ದಾನ, ಹುಡುಗಿ ಬಚ್ಚಲದಾಗ ಜಾರ್ಯಾಳ ಅಂತ ತೀರ್ಮಾನ ಮಾಡಿ ಚಾ ಕುಡದು ಎದ್ರು. ಕೊಟ್ರಪ್ಪ ಬಂದು, ತಪ್ಪು ತಿಳದ್ವಿ ಬೀಗರ ಅಂತ ನಕ್ಕ. ಅವ ನಕ್ಕದ್ದಕ್ಕ ಯಾರೂ ಅವನ ಕೈ ಬಾಗಲದಾಗ ಇಡಲಿಲ್ಲ. ಮದವಿ ಮತ್ತ ಗಟ್ಟಿ ಮಾಡಿದ್ರು.

ನಾ ಪ್ಲಾಸ್ಟರ್ ಹಾಕಿಕೊಂಡ ಕೈಲೆನ ಕಾಕಾನ್ನ ನೋಡಾಕ ಹೋಗಿದ್ದೆ, ಅತ್ತಿ ಗದಿಗೆವ್ವನ ಕರಕೊಂಡು. ಜೈತೂನಬಿ ಕಾಕು ಬಾಗಲಾ ತಗದು ನನ್ನ ನೋಡಿ ಒಳಗ ಹೋದ್ಲು. ನಾ ಇದ್ರೂ ಹಂಗ ಮಾಡತಿದ್ದೆ. ಸ್ವಲ್ಪ ಹೊತ್ತಿಗೆ ಚಾ ತಂದು ಮುಂದ ಇಟ್ಲು. ಕಾಕಾನ ಮೂರು ಬೆರಳು ಮಡಚಂಗಿಲ್ಲ ಅಂದಾರ. ಚಿಮಟಿಗಿ ಹಿಡಿಯಾಕ ಬರಂಗಿಲ್ಲ, ನಾಣ್ಯದ ಅಂಚು ಹಿಡಿಯಾಕ ಬರಂಗಿಲ್ಲ. ಅಂಗಡಿ ಬಾಗಲಾ ಹಾಕ್ಯಾರ. ನಾ, ಕಾಕಾ ನೀವು ಖರೇ ಹೇಳ್ರಿ ಅಂದೆ. ಅವರು, ‘ನನ್ನ ಕೈ ಹೋತವಾ, ಅದು ಹೊಳ್ಳಿ ಬರಂಗಿಲ್ಲ. ಖರೇ ಹೇಳಿದ್ರ ನಿನ್ನ ಹೆಸರು ಕೋರ್ಟಿನ್ಯಾಗ ನಾಕ ಮಂದಿ ಬಾಯಾಗ ಬರತೈತಿ. ಹೆಣ್ಣಮಗಳ ಹೆಸರು ಒಮ್ಮೆ ಬಾಯಾಗ ಬಿತ್ತಂದ್ರ ಹೋಗಂಗಿಲ್ಲ. ನನ್ನ ಮುಮ್ತಾಜನೂ ನೀನೂ ನನಗ ಬ್ಯಾರೆ ಅಲ್ಲ’ ಅಂದ್ರು.

ನನಗ ಅಲ್ಲೇ ಸಿಟ್ಟ ನೆತ್ತಿಗೆ ಏರಿತು, ಅವರ ಮುಂದ ತೋರಸಲಿಲ್ಲ ಅಷ್ಟ. ನನ್ನ ಹೆಸರು ಕಾಯಾಕ ಅಣ್ಣ ಕಲ್ಲು ಎತ್ತಿದ, ನನ್ನ ಹೆಸರು ಕಾಯಾಕ ಕಾಕಾ ಏಣಿ ಹತ್ತಿದ್ರು. ನನ್ನ ಹೆಸರೇನು ನಾಣ್ಯ ಐತೇನು, ಡಬ್ಬ್ಯಾಗ ಇಟ್ಟು ಕಾಯಾಕ? ನನಗ ಇಪ್ಪತ್ತಮೂರು ವರ್ಷ. ನನ್ನ ಹೆಸರು ನಾ ಬೇಕಾದಲ್ಲಿ ಹೇಳತೇನಿ.

ಅದಕ್ಕ ಹದಿನೈದು ದಿನ ಇರತೇನಿ ಅಂತ ಅವ್ವಗ ಹೇಳಿ ಕರ್ಜಗಿಗೆ ಅತ್ತಿ ಮನಿಗೆ ಬಂದೆ. ನಿನ್ನೆ ಅತ್ತಿ ಕೂಡ ಬಸ್ಸ ಹತ್ತಿ ಹಾವೇರಿಗೆ ಹೋಗಿ, ಅಲ್ಲಿಂದ ರಾಣಿಬೆನ್ನೂರ ಠಾಣೆಕ್ಕ ಹೋದೆ. ಫೌಜದಾರ ಸಣ್ಣ ವಯಸಿನಾವ. ‘ಪೆಟ್ಟು ತಿಂದಾವನ ಬಿದ್ದೇನಿ ಅಂತಾನ, ನಿಂದೇನವಾ’ ಅಂದ. ನಾ ಕೈ ಟೇಬಲ್ ಮ್ಯಾಲೆ ಇಟ್ಟೆ. ‘ನಂದೂ ಮುರದೈತ್ರಿ ಸಾಹೇಬ್ರ. ನಾ ಬಚ್ಚಲದಾಗ ಜಾರಿಲ್ಲ. ನಂದು, ಕಾಕಾಂದು, ಎರಡೂ ಕೈ ಮುರದಾವ ಒಬ್ಬನ, ನಮ್ಮಣ್ಣ’ ಅಂದೆ. ಕೈ ಮುಟ್ಟೇತಿ ಅನ್ನೋ ಮಾತು ಬರಿಯಾಕ ಅವಗ ನಾಚಿಕಿ ಆತು, ಇದು ಬ್ಯಾಡ ಬಿಡು ಅಂದ. ಬರೀರಿ ಅಂದೆ. ಬರದ. ಎಡಗೈಲೆ ಸಹಿ ಮಾಡಿದೆ, ಹೆಬ್ಬಟ್ಟು ಒತ್ತು ಅಂದ್ರೂ ಒತ್ತಲಿಲ್ಲ.

ಇನ್ನ ಮುಂದಿಂದು ನಿನ್ನ ಕೈಯಾಗ ಐತಿ. ಅಬ್ಬಾಗ ಬರಿ. ಮಂಗಳಾ ತನ್ನ ಹೆಸರು ತಾನ ಹೇಳ್ಯಾಳ, ನೀವು ಮುಚ್ಚಾಕ ಏನೂ ಉಳದಿಲ್ಲ, ಏಣಿ ಇಳೀರಿ ಅಂತ ಬರಿ. ಲಗೂನ ಬರಿ. ಅಣ್ಣಗ ಇಷ್ಟೊತ್ತಿಗೆ ಸುದ್ದಿ ಮುಟ್ಟಿರತೈತಿ. ಅತ್ತಿ ಬಾಗಲದಾಗ ಕುಡಗೋಲು ಇಟ್ಟುಕೊಂಡು ಕುಂತಾಳ, ಜ್ವಾಳದ ಸ್ವಾಗಿ ಕೊಯ್ಯಾಕ ಅಂತ ಹೇಳತಾಳ, ಈಗ ಯಾವ ಜ್ವಾಳ ಐತಿ.

ಕೂಸಿಗೆ ಏನು ಹೆಸರಿಟ್ರಿ? ಕಣ್ಣಾಗ ಎಣ್ಣಿ ಬಿಡಬ್ಯಾಡ, ಅವ್ವಗೋಳು ಹೇಳತಾರ, ಕೇಳಬ್ಯಾಡ. ಅದು ಬೆಳೀಲಿ, ನಕ್ಕೋತ ಬೆಳೀಲಿ. ದೊಡ್ಡಾಕಿಗೆ ಮುದ್ದು. ನಿನ್ನ ಯಜಮಾನರಿಗೆ ನಮಸ್ಕಾರ ಹೇಳು. ಎಲ್ಲಾರನೂ ನಿಮ್ಮ ಅಲ್ಲಾ, ನಮ್ಮ ಕದರಮಂಡಲಗಿ ಹಣಮಪ್ಪ ಇಬ್ಬರೂ ಕೂಡಿ ಕಾಯಲಿ.

ಇಂತಿ ನಿನ್ನ
ಮಂಗಳಾ

ತಾ.ಕ.: ಇದನ್ನ ಫೌಜದಾರಗ ಹೇಳಿಲ್ಲ, ಅತ್ತಿಗೂ ಹೇಳಿಲ್ಲ. ಲಕೋಟಿ ಅಂಟಿಸಾಕ ಹೋಗಿ ಮತ್ತ ತಗದು ಬರಿಯಾಕತ್ತೇನಿ. ಕೈ ಮುರದ ಮರುದಿನ ಅಪ್ಪ ಅವ್ವ ನನ್ನ ಹಾವೇರಿಗೆ ಕರಕೊಂಡು ಹೋದ್ರು, ಕೈ ತೋರಸಾಕ ಅಂತ. ಅಷ್ಟೊತ್ತಿಗೆ ಅದು ನಾಣ್ಯದ ಮಾತು ಅಂತ ಎಲ್ಲಾರಿಗೂ ಗೊತ್ತಾಗಿತ್ತು. ಅಪ್ಪಗ ಗೊತ್ತಿತ್ತು, ಅವ್ವಗ ಗೊತ್ತಿತ್ತು. ಆದ್ರ ಕೊಟ್ರಪ್ಪ, ಇರಲಿ ಬಿಡ್ರಿ, ಮನಸಿನ್ಯಾಗ ಹುಳ ಹೊಕ್ಕೈತಿ, ಒಮ್ಮೆ ತೋರಿಸಿಬಿಟ್ರ ಎಲ್ಲಾರಿಗೂ ಸಮಾಧಾನ ಅಂದಿದ್ದಂತ. ಹೆರಿಗಿ ಮಾಡಿಸೋ ಬಾಯಾರ ದವಾಖಾನಿಗೆ ಯಾಕ ಬಂದ್ವಿ ಅಂತ ನಾ ಕೇಳಿದೆ. ಒಳಗ ಮಲಗು ಅಂದ್ರು. ಅವ್ವ ನನ್ನ ಚಲೋ ಕೈ ಗಟ್ಟಿ ಹಿಡಕೊಂಡು ನಿಂತಿದ್ಲು. ಬಾಯಾರು ದೀಪ ಹತ್ತರ ತಂದು ನೋಡಿದ್ರು. ಮುರದ ಕೈ ಕಡೀಕ ನೋಡಿದ್ರು. ಅವ್ವ ಹೊರಗ ಹೋಗಿ ಅಪ್ಪಗ, ‘ಕೈ ಮುಟ್ಟಿಲ್ಲಂತ್ರಿ’ ಅಂದಿದ್ದು ಪರದೆ ಹಿಂದ ನನಗ ಕೇಳಿಸ್ತು. ಅಪ್ಪ ಖುಷಿಲೆ ಬಸ್‌ಸ್ಟ್ಯಾಂಡ ಮುಂದ ಪೇಢೆ ಕೊಡಿಸಿದ. ನಾನೂ ಒಂದು ತಿಂದೆ ಮುಮ್ತಾಜ. ಮುಂಜಾನಿಂದ ಏನೂ ತಿಂದಿದ್ದಿಲ್ಲ, ಹಸಿವಾಗಿತ್ತು.